ಇಂಗ್ಲಿಷ್ ಪದಗಳ ಒತ್ತು ಕನ್ನಡದ ಕಿವಿಗೆ ಯಾಕೆ ತಪ್ಪಿಹೋಗುತ್ತದೆ?

ಜೂನ್ ತಿಂಗಳು ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ಸೀಮೆಯಲ್ಲೂ ರಾಜ್ಯದ ಬೇರೆಲ್ಲ ಕಡೆಯಂತೆ ಒಂದು ಚರ್ಚೆ ನಡೆಯುತ್ತದೆ. ಮಗುವನ್ನು ಯಾವ ಮಾಧ್ಯಮಕ್ಕೆ ಸೇರಿಸುವುದು? ಆ ಚರ್ಚೆಯಲ್ಲಿ ಮೂರು ಮಾತುಗಳು ತಪ್ಪದೆ ಬರುತ್ತವೆ. ಒಂದು, "ಹಳ್ಳಿ ಮಕ್ಕಳ ನಾಲಿಗೆ ದಪ್ಪ, ಇಂಗ್ಲಿಷ್ ತಿರುಗಲ್ಲ." ಎರಡು, "ಮನೆಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷ್ ಕೆಡುತ್ತೆ." ಮೂರು, "ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಉಚ್ಚಾರಣೆ ತಾನಾಗಿ ಸರಿಹೋಗುತ್ತೆ."

ಈ ಮೂರೂ ಮಾತುಗಳ ಹಿಂದೆ ನಿಜವಾದ ಒಂದು ಅನುಭವ ಇದೆ. ಕನ್ನಡದಲ್ಲಿ ಬೆಳೆದ ನಮ್ಮಲ್ಲಿ ಅನೇಕರು ಒಳ್ಳೆಯ ವ್ಯಾಕರಣದ ಇಂಗ್ಲಿಷ್ ಮಾತಾಡಿದರೂ ಫೋನಿನ ಆ ಬದಿಯ ವಿದೇಶಿಯರು "ಇನ್ನೊಮ್ಮೆ ಹೇಳಿ" ಅನ್ನುತ್ತಾರೆ. ಅವರು ಹೇಳಿದ್ದು ನಮಗೂ ಕೆಲವೊಮ್ಮೆ ಅರ್ಥವಾಗುವುದಿಲ್ಲ. ಇದಕ್ಕೆ ಒಂದು ದೊಡ್ಡ ಕಾರಣ ಪದದ ಒತ್ತು. ಅದರ ಮೂಲ ನಾಲಿಗೆಗಿಂತ ಹೆಚ್ಚಾಗಿ ಕಿವಿಯಲ್ಲಿದೆ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಮಿದುಳು ಶಬ್ದವನ್ನು ಎಣಿಸಿ ಇಟ್ಟುಕೊಳ್ಳುವ ರೀತಿಯಲ್ಲಿದೆ. ಭಾಷಾ ವಿಜ್ಞಾನ ಇದರ ಬಗ್ಗೆ ಏನು ಹೇಳುತ್ತದೆ ಎಂದು ನೋಡೋಣ.

ಯಾವ ಒತ್ತು?

ಮೊದಲಿಗೆ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕನ್ನಡ ಮೇಷ್ಟ್ರ ಬಾಯಲ್ಲಿ 'ಒತ್ತು' ಅಂದರೆ ಒತ್ತಕ್ಷರ. ಕತೆಗೆ ಒತ್ತು ಕೊಟ್ಟರೆ ಕತ್ತೆ. ನಾವು ಇಲ್ಲಿ ಹೇಳುತ್ತಿರುವ ಒತ್ತು ಬೇರೆ. ಒಂದು ಪದದ ಹಲವು ಅಕ್ಷರಗಳಲ್ಲಿ ಒಂದನ್ನು ಉಳಿದವಕ್ಕಿಂತ ಎದ್ದು ಕಾಣುವಂತೆ ಉಚ್ಚರಿಸುವುದು ಈ ಒತ್ತು. ಪುಸ್ತಕಗಳಲ್ಲಿ ಇದನ್ನು ಬಲಾಘಾತ ಅಥವಾ ಸ್ವರಾಘಾತ ಎಂದೂ ಕರೆಯುತ್ತಾರೆ.

ಇಂಗ್ಲಿಷಿನಲ್ಲಿ ಈ ಒತ್ತಿನ ಜಾಗ ಬದಲಾದರೆ ಅರ್ಥವೇ ಬದಲಾಗಬಹುದು. 'ರೆಕಾರ್ಡ್' ಎಂಬ ಪದದ ಮೊದಲ ಅಕ್ಷರಕ್ಕೆ ಒತ್ತು ಬಿದ್ದರೆ ಅದು ದಾಖಲೆ, ಎರಡನೆಯದಕ್ಕೆ ಬಿದ್ದರೆ ದಾಖಲಿಸುವುದು. 'ಪ್ರೆಸೆಂಟ್' ಪದದ ಮೊದಲಿಗೆ ಒತ್ತು ಬಂದರೆ ಉಡುಗೊರೆ, ಕೊನೆಗೆ ಬಂದರೆ ಅರ್ಪಿಸುವುದು. 'ಡೆಸರ್ಟ್' ಮೊದಲಿಗೆ ಒತ್ತಾದರೆ ಮರಳುಗಾಡು, ಎರಡನೆಯದಕ್ಕೆ ಒತ್ತಾದರೆ ಊಟದ ನಂತರದ ಸಿಹಿ.

ಒತ್ತು ಅಂದರೆ ಜೋರಾಗಿ ಹೇಳುವುದಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಒತ್ತು ಬಿದ್ದ ಅಕ್ಷರದ ಸ್ವರ ಸ್ವಲ್ಪ ಉದ್ದವಾಗುತ್ತದೆ, ದನಿಯ ಸ್ಥಾಯಿ ಬದಲಾಗುತ್ತದೆ, ಗಟ್ಟಿತನ ಹೆಚ್ಚುತ್ತದೆ. ಇದರ ಜೊತೆಗೆ ಒತ್ತು ಇಲ್ಲದ ಅಕ್ಷರಗಳ ಸ್ವರ ಸವೆದು, ಅತ್ತ 'ಅ'ವೂ ಅಲ್ಲ ಇತ್ತ 'ಎ'ಯೂ ಅಲ್ಲ ಎನ್ನುವಂಥ ಮಸುಕು ದನಿಯಾಗುತ್ತದೆ. 1950ರ ದಶಕದಲ್ಲಿ ಬ್ರಿಟನ್ನಿನ ಧ್ವನಿವಿಜ್ಞಾನಿ ಡೆನಿಸ್ ಫ್ರೈ ಯಂತ್ರದಿಂದ ಮಾಡಿದ ಮಾತನ್ನು ಜನರಿಗೆ ಕೇಳಿಸಿ ಇದನ್ನು ಪರೀಕ್ಷಿಸಿದರು. ಇಂಗ್ಲಿಷ್ ಕೇಳುಗರು ಒತ್ತನ್ನು ಗುರುತಿಸುವಾಗ ದನಿಯ ಗಟ್ಟಿತನಕ್ಕಿಂತ ಸ್ವರದ ಉದ್ದವನ್ನು ಹೆಚ್ಚು ನಂಬುತ್ತಾರೆ ಎಂದು ಅವರ ಪ್ರಯೋಗ ತೋರಿಸಿತು. ಮುಂದಿನ ಪ್ರಯೋಗದಲ್ಲಿ ಸ್ಥಾಯಿಯ ಬದಲಾವಣೆಯೂ ದೊಡ್ಡ ಸುಳಿವೆಂದು ಕಂಡಿತು.

ನಮ್ಮ ಕಿವಿ ಎಣಿಸುವುದು ಮಾತ್ರೆಯನ್ನು

ಕನ್ನಡದಲ್ಲಿ ಒತ್ತಿನ ಜಾಗ ಬದಲಿಸಿ ಪದದ ಅರ್ಥ ಬದಲಿಸಲು ಆಗುವುದಿಲ್ಲ. 'ಕೊಬ್ಬರಿ' ಎಂಬುದನ್ನು ಎಲ್ಲಿ ಒತ್ತಿ ಹೇಳಿದರೂ ಅದು ಕೊಬ್ಬರಿಯೇ. ಆದರೆ ಸ್ವರದ ಉದ್ದ ಬದಲಾದರೆ ನಮಗೆ ತಕ್ಷಣ ಬೇರೆ ಪದ ಕೇಳಿಸುತ್ತದೆ. ಬಿಡು ಬೇರೆ, ಬೀಡು ಬೇರೆ. ವ್ಯಂಜನದ ಉದ್ದವೂ ಹಾಗೆಯೇ. ಕಡಿ ಬೇರೆ, ಕಡ್ಡಿ ಬೇರೆ. ಅದು ಬೇರೆ, ಅದ್ದು ಬೇರೆ.

ಛಂದಸ್ಸಿನ ಪಾಠ ನೆನಪಿಸಿಕೊಳ್ಳಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಸ್ವರ ಬಂದರೆ ಗುರು, ಮುಂದೆ ಒತ್ತಕ್ಷರ ಬಂದರೂ ಗುರು. ಕೊಬ್ಬರಿಗೆ 4 ಮಾತ್ರೆ, ತಿಪಟೂರಿಗೆ 5, ತುರುವೇಕೆರೆಗೆ 6, ಚಿಕ್ಕನಾಯಕನಹಳ್ಳಿಗೆ 11. ಈ ಲೆಕ್ಕ ಕವಿಗಳಿಗೆ ಮಾತ್ರ ಸೇರಿದ್ದಲ್ಲ. ಛಂದಸ್ಸು ಓದದವರ ಕಿವಿಯೂ ದಿನವಿಡೀ ಇದನ್ನೇ ಮಾಡುತ್ತಿರುತ್ತದೆ. ಇಲ್ಲದಿದ್ದರೆ ಕತೆ ಕೇಳಲು ಕೂತವರಿಗೆ ಕತ್ತೆ ಸಿಗುತ್ತಿತ್ತು.

ಹಾಗಾದರೆ ಕನ್ನಡದಲ್ಲಿ ಎದ್ದು ಕಾಣುವ ಅಕ್ಷರವೇ ಇಲ್ಲವೇ? ಇದೆ. ಅದನ್ನು ತೆಂಗಿನ ಸೀಮೆಯ ಮಾತಿನಲ್ಲೇ ಕೇಳಬಹುದು. ಬಸ್ ನಿಲ್ದಾಣದಲ್ಲಿ ನಿಂತು ಕೇಳಿದರೆ ತಿಪಟೂರು 'ತಿಪ್ಟೂರು' ಆಗುತ್ತದೆ, ಅರಸೀಕೆರೆ 'ಅರ್ಸೀಕೆರೆ', ತುರುವೇಕೆರೆ 'ತುರ್ವೇಕೆರೆ', ಕೊಬ್ಬರಿ 'ಕೊಬ್ರಿ'. ಇಲ್ಲಿ ಉದುರಿಹೋದದ್ದು ಯಾವುದು ನೋಡಿ. ಪ್ರತಿ ಪದದಲ್ಲೂ ನಡುವಿನ ಹ್ರಸ್ವ ಸ್ವರ ಮಾಯವಾಗಿದೆ. ಮೊದಲ ಅಕ್ಷರ ಉಳಿದಿದೆ, ದೀರ್ಘವೂ ಉಳಿದಿದೆ. ಅಂದರೆ ಕನ್ನಡದ ಪದಗಳಲ್ಲಿ ಮೊದಲ ಅಕ್ಷರಕ್ಕೆ ಒಂದು ಸಣ್ಣ ಬಲ ಇದೆ. ಆದರೆ ಆ ಬಲ ಯಾವಾಗಲೂ ಅದೇ ಜಾಗದಲ್ಲಿ ಇರುವುದರಿಂದ ಅದನ್ನು ಪ್ರತ್ಯೇಕವಾಗಿ ನೆನಪಿಡುವ ಅಗತ್ಯ ಮಿದುಳಿಗೆ ಬೀಳುವುದಿಲ್ಲ.

ಮಾತಿನ ನಡುವೆ ಏನನ್ನಾದರೂ ಒತ್ತಿ ಹೇಳಬೇಕಾದರೂ ನಮಗೆ ದನಿಯೊಂದೇ ಆಧಾರವಲ್ಲ. ಇಂಗ್ಲಿಷಿನವರು 'ನಾನು' ಎಂಬ ಪದವನ್ನು ದನಿ ಏರಿಸಿ ಹೇಳುವ ಕಡೆ ನಾವು 'ಏ' ಸೇರಿಸುತ್ತೇವೆ: "ಕಾಯಿ ಕೆಡವಿದ್ದು ನಾನೇ." ಅವರಲ್ಲಿ ದನಿ ಮಾಡುವ ಕೆಲಸವನ್ನು ನಮ್ಮಲ್ಲಿ ಪ್ರತ್ಯಯ ಮಾಡುತ್ತದೆ.

ಫ್ರೆಂಚರಿಗೂ ಇದೇ ಪಾಡು

ಒತ್ತಿನ ವಿಷಯದಲ್ಲಿ ಕಿವಿ ಹೀಗೆ ಆಗುವುದು ಕನ್ನಡಿಗರಿಗೆ ಮಾತ್ರ ಅಲ್ಲ. ಫ್ರೆಂಚ್ ಭಾಷೆಯಲ್ಲೂ ಒತ್ತಿನಿಂದ ಪದಗಳ ಅರ್ಥ ಬದಲಾಗುವುದಿಲ್ಲ, ಸ್ಪ್ಯಾನಿಷಿನಲ್ಲಿ ಬದಲಾಗುತ್ತದೆ. 1997ರಲ್ಲಿ ಎಮಾನ್ಯುಯೆಲ್ ದುಪೂ ಮತ್ತು ಸಂಗಡಿಗರು ಈ ಎರಡೂ ಭಾಷೆಯವರನ್ನು ಹೋಲಿಸಿ ನೋಡಿದರು. ಒತ್ತಿನ ಜಾಗ ಮಾತ್ರ ಬೇರೆ ಇರುವ, ಅರ್ಥವಿಲ್ಲದ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿದಾಗ ಸ್ಪ್ಯಾನಿಷರು ಸುಲಭವಾಗಿ ಗುರುತಿಸಿದರು, ಫ್ರೆಂಚರು ಹೆಚ್ಚು ತಪ್ಪಿದರು. ಸಂಶೋಧಕರು ಇದಕ್ಕೆ 'ಒತ್ತಿನ ಕಿವುಡು' ಎಂಬ ಹೆಸರಿಟ್ಟರು.

ಹೆಸರು ಕೇಳಿ ಗಾಬರಿಯಾಗಬೇಡಿ. ಇದು ಕಿವಿಯ ದೋಷ ಅಲ್ಲ. ಒಬ್ಬರೇ ಹೇಳಿದ ಎರಡು ಪದಗಳನ್ನು ಅಕ್ಕಪಕ್ಕ ಇಟ್ಟು "ಒಂದೇನಾ, ಬೇರೆನಾ?" ಎಂದು ಕೇಳಿದರೆ ಫ್ರೆಂಚರೂ ಸರಿಯಾಗಿ ಹೇಳುತ್ತಾರೆ. ದನಿಗಳು ಬದಲಾದಾಗ, ಹಲವು ಪದಗಳನ್ನು ಸಾಲಾಗಿ ನೆನಪಿಡಬೇಕಾದಾಗ ಅವರು ಸೋಲುತ್ತಾರೆ. ಅಂದರೆ ಶಬ್ದ ಕಿವಿಗೆ ಬೀಳುತ್ತದೆ, ನೆನಪಿನ ಪುಸ್ತಕದಲ್ಲಿ ಬರೆದಿಡುವಾಗ ಮಿದುಳು ಒತ್ತಿನ ವಿವರವನ್ನು ಬಿಟ್ಟುಬಿಡುತ್ತದೆ. ಮುಂದಿನ ಪ್ರಯೋಗಗಳಲ್ಲಿ ಫಿನ್ನಿಷ್ ಮತ್ತು ಹಂಗೇರಿಯನ್ ಮಾತಾಡುವವರಲ್ಲೂ ಇದೇ ಕಂಡಿತು. ಆ ಎರಡೂ ಭಾಷೆಗಳಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ ಬೀಳುತ್ತದೆ. ಮೊದಲ ಅಕ್ಷರಕ್ಕೆ ಬಲ ಕೊಡುವ ಕನ್ನಡದ ಕಿವಿಯನ್ನು ಅರ್ಥ ಮಾಡಿಕೊಳ್ಳಲು ಇದು ಹತ್ತಿರದ ಹೋಲಿಕೆ.

ಈ ಅಭ್ಯಾಸ ತೊಟ್ಟಿಲಲ್ಲೇ ಶುರುವಾಗುತ್ತದೆ. 1993ರಲ್ಲಿ ಪೀಟರ್ ಜುಸಿಕ್, ಆ್ಯನ್ ಕಟ್ಲರ್ ಮತ್ತು ನ್ಯಾನ್ಸಿ ರೆಡಾನ್ಸ್ ಅಮೆರಿಕದ ಶಿಶುಗಳನ್ನು ಪರೀಕ್ಷಿಸಿದಾಗ, 9 ತಿಂಗಳ ಕೂಸುಗಳು ಮೊದಲ ಅಕ್ಷರಕ್ಕೆ ಒತ್ತಿರುವ ಪದಗಳನ್ನು ಹೆಚ್ಚು ಹೊತ್ತು ಆಲಿಸಿದವು. 6 ತಿಂಗಳ ಕೂಸುಗಳಲ್ಲಿ ಈ ಒಲವು ಇರಲಿಲ್ಲ. ಇಂಗ್ಲಿಷಿನ ಬಹುಪಾಲು ಪದಗಳ ಒತ್ತು ಮೊದಲಲ್ಲೇ ಇರುತ್ತದೆ ಎಂಬುದನ್ನು ಆ ಮಕ್ಕಳು ಅಷ್ಟರೊಳಗೆ ಹಿಡಿದಿದ್ದವು. 2009ರ ಇನ್ನೊಂದು ಅಧ್ಯಯನದಲ್ಲಿ 9 ತಿಂಗಳ ಸ್ಪ್ಯಾನಿಷ್ ಕೂಸುಗಳು ಬೇರೆ ಬೇರೆ ಪದಗಳ ನಡುವೆಯೂ ಒತ್ತಿನ ವ್ಯತ್ಯಾಸ ಗುರುತಿಸಿದವು, ಫ್ರೆಂಚ್ ಕೂಸುಗಳಿಗೆ ಅದು ಆಗಲಿಲ್ಲ. ಯಾರ ಬುದ್ಧಿಯೂ ಕಡಿಮೆಯಲ್ಲ. ಮನೆಯ ಭಾಷೆಗೆ ಬೇಕಾದದ್ದನ್ನು ಕಿವಿ ಉಳಿಸಿಕೊಳ್ಳುತ್ತದೆ, ಬೇಡದ್ದನ್ನು ಬಿಡುತ್ತದೆ.

ಎರಡು ಭಾಷೆ ಬಲ್ಲವರ ಕಿವಿ

ಹಾಗಾದರೆ ಎರಡು ಭಾಷೆ ಬಲ್ಲವರ ಗತಿ ಏನು? 2008ರಲ್ಲಿ ದುಪೂ ಅವರ ತಂಡ, ದೊಡ್ಡವರಾದ ಮೇಲೆ ಸ್ಪ್ಯಾನಿಷ್ ಕಲಿತ ಫ್ರೆಂಚರನ್ನು ಪರೀಕ್ಷಿಸಿತು. ಸ್ಪ್ಯಾನಿಷನ್ನು ಚೆನ್ನಾಗಿ ಕಲಿತವರೂ ನೆನಪಿನ ಪರೀಕ್ಷೆಯಲ್ಲಿ ಎಡವಿದರು. 2010ರಲ್ಲಿ ಹುಟ್ಟಿನಿಂದ ಎರಡೂ ಭಾಷೆ ಕೇಳಿ ಬೆಳೆದವರನ್ನು ನೋಡಿದಾಗ ಫಲಿತಾಂಶ ಕುತೂಹಲಕರವಾಗಿತ್ತು. ಸರಾಸರಿ ನೋಡಿದರೆ ಅವರು ಸ್ಪ್ಯಾನಿಷರಿಗೂ ಫ್ರೆಂಚರಿಗೂ ನಡುವೆ ಇದ್ದರು. ಒಬ್ಬೊಬ್ಬರನ್ನೇ ನೋಡಿದರೆ ಕೆಲವರು ಸ್ಪ್ಯಾನಿಷರಂತೆ, ಕೆಲವರು ಫ್ರೆಂಚರಂತೆ, ಹೀಗೆ ಎರಡು ಗುಂಪಾಗಿದ್ದರು. ಯಾರು ಯಾವ ಗುಂಪು ಎಂಬುದಕ್ಕೆ ಬಾಲ್ಯದ ಮೊದಲ ವರ್ಷಗಳಲ್ಲಿ ಯಾವ ಭಾಷೆ ಕಿವಿಗೆ ಬಿದ್ದಿತ್ತು ಎಂಬುದರ ನಂಟಿತ್ತು.

ಇಲ್ಲಿ ನಮ್ಮ ಕಡೆಗೆ ಸಂಬಂಧಿಸಿದ ಮಾತೊಂದಿದೆ. ಒಂದಕ್ಕಿಂತ ಹೆಚ್ಚು ಭಾಷೆ ಬಂದರೆ ಸಾಲದು, ಯಾವ ಭಾಷೆಗಳು ಎಂಬುದೂ ಮುಖ್ಯ. ತುಮಕೂರು ಜಿಲ್ಲೆಯ ಪೇಟೆಗಳಲ್ಲಿ ಕನ್ನಡದ ಜೊತೆ ಉರ್ದು, ತೆಲುಗು, ಹಿಂದಿ ಸರಾಗವಾಗಿ ಮಾತಾಡುವವರು ಬಹಳ. ಆದರೆ ಈ ಯಾವ ಭಾಷೆಯೂ ಇಂಗ್ಲಿಷಿನಂತೆ ಒತ್ತಿನ ಜಾಗವನ್ನು ಅರ್ಥ ಬದಲಿಸುವ ಮುಖ್ಯ ಸಾಧನ ಮಾಡಿಕೊಂಡಿಲ್ಲ. ಸ್ವರದ ಉದ್ದ ಇವೆಲ್ಲಕ್ಕೂ ಮುಖ್ಯ. ಹಾಗಾಗಿ ನಾಲ್ಕು ಭಾಷೆ ಬಲ್ಲ ವ್ಯಾಪಾರಿಗೂ ಇಂಗ್ಲಿಷಿನ ಒತ್ತು ಹೊಸದೇ.

ಆದರೂ ನಮ್ಮ ಕಿವಿ ಖಾಲಿ ಕೈಯಲ್ಲಿ ಬರುವುದಿಲ್ಲ. ಇಂಗ್ಲಿಷಿನ ಒತ್ತನ್ನು ಅದು ತನಗೆ ಗೊತ್ತಿರುವ ದೀರ್ಘವಾಗಿ ಬದಲಿಸಿಕೊಳ್ಳುತ್ತದೆ. ಮಷೀನ್, ಪೊಲೀಸ್, ಗಿಟಾರ್, ಎಜುಕೇಷನ್ ಪದಗಳನ್ನು ಕನ್ನಡದಲ್ಲಿ ಬರೆಯುವಾಗ ದೀರ್ಘ ಹಾಕಿದ ಕಡೆಯೇ ಇಂಗ್ಲಿಷಿನ ಒತ್ತೂ ಇದೆ. ಒತ್ತು ಬಿದ್ದ ಸ್ವರ ಹ್ರಸ್ವವಾಗಿದ್ದರೆ ಮಾತ್ರ ನಾವು ದಾರಿ ತಪ್ಪುತ್ತೇವೆ. 'ಡೆವಲಪ್' ಪದದ ಒತ್ತು ಎರಡನೆಯ ಅಕ್ಷರಕ್ಕೆ, 'ಕಮಿಟಿ'ಯದು 'ಮಿ'ಗೆ, 'ಹೋಟೆಲ್'ನದು 'ಟೆ'ಗೆ. ಅಲ್ಲಿ ದೀರ್ಘ ಕೇಳಿಸದ ಕಾರಣ ನಾವು ಕನ್ನಡದ ರೂಢಿಯಂತೆ ಮೊದಲ ಅಕ್ಷರವನ್ನು ಹಿಡಿಯುತ್ತೇವೆ. ಇನ್ನು ಆಫೀಸು, ಕಾಲೇಜು ಪದಗಳು ಉಲ್ಟಾ. ಅವುಗಳ ಇಂಗ್ಲಿಷ್ ಒತ್ತು ಮೊದಲ ಅಕ್ಷರಕ್ಕೆ ಮಾತ್ರ, ನಾವು ಎರಡನೆಯದಕ್ಕೂ ದೀರ್ಘ ಕೊಟ್ಟಿದ್ದೇವೆ. ಕನ್ನಡದಲ್ಲಿ ಮಾತಾಡುವಾಗ ಅದು ತಪ್ಪೇನಲ್ಲ, ಅವು ಈಗ ಕನ್ನಡ ಪದಗಳು.

ಇದೇ ಆಟ ಆ ಕಡೆಯಿಂದಲೂ ನಡೆದಿದೆ. ಮಲಯಾಳದ 'ಕೊಪ್ಪರ' ಪೋರ್ಚುಗೀಸರ ಮೂಲಕ ಇಂಗ್ಲಿಷಿಗೆ ಹೋಗಿ 'ಕಾಪ್ರ' ಆಯಿತು. ನಮ್ಮ ಕೊಬ್ಬರಿಯ ದಾಯಾದಿಯೇ ಅದು. ದಾರಿಯಲ್ಲಿ 'ಪ್ಪ'ದ ಒತ್ತಕ್ಷರ ಉದುರಿತು, ಮೊದಲ ಅಕ್ಷರಕ್ಕೆ ಬಲಾಘಾತ ಬಂತು, ಕೊನೆಯ ಸ್ವರ ಮಸುಕಾಯಿತು. ಕತೆ ಮತ್ತು ಕತ್ತೆಯ ವ್ಯತ್ಯಾಸ ಇಂಗ್ಲಿಷ್ ಕಿವಿಗೆ ಎಷ್ಟು ಕಷ್ಟವೋ ಎರಡು 'ರೆಕಾರ್ಡ್'ಗಳ ವ್ಯತ್ಯಾಸ ನಮಗೆ ಅಷ್ಟು ಕಷ್ಟ.

ತೆಂಗಿನ ಸೀಮೆಯ ಇಬ್ಬರು ಶ್ರೀಕಂಠಯ್ಯನವರು

ಎರಡು ಭಾಷೆಗಳ ಲಯದ ನಡುವೆ ದಾರಿ ಮಾಡಿದವರೊಬ್ಬರು ಇದೇ ಸೀಮೆಯಲ್ಲಿ ಹುಟ್ಟಿದವರು. ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು 1884ರಲ್ಲಿ, ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಸಂಕಲನ ತಂದರು. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಲೆಕ್ಕದಲ್ಲಿ: ಒತ್ತು ಇರುವ ಅಕ್ಷರ, ಇಲ್ಲದ ಅಕ್ಷರ, ಮತ್ತೆ ಇರುವ ಅಕ್ಷರ. ಅದನ್ನು ಹಾಗೆಯೇ ಕನ್ನಡಕ್ಕೆ ಎತ್ತಿ ತರಲಾಗದು. ಬಿಎಂಶ್ರೀ ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ ಕನ್ನಡದ ಕಿವಿಗೆ ಒಪ್ಪುವ ಲಯ ಕಟ್ಟಿದರು. ಗಣದ ಮೊದಲಿಗೆ ಬೀಳುವ ತಾಳ ಅಲ್ಲಿ ಒತ್ತಿನ ಕೆಲಸ ಮಾಡಿತು. ನವೋದಯದ ಕವಿಗಳು ಆ ದಾರಿಯಲ್ಲಿ ಮುಂದೆ ಹೋದರು.

ಅವರ ಶಿಷ್ಯರಾಗಿದ್ದ ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದರು. 'ಭಾರತೀಯ ಕಾವ್ಯಮೀಮಾಂಸೆ'ಯಿಂದ ಹೆಸರಾದ ಅವರು ಕನ್ನಡದ ಇ, ಉ, ಎ, ಒ ಸ್ವರಗಳು ಒಂದಕ್ಕೊಂದು ಬದಲಾಗುವ ಬಗೆಯನ್ನೂ ಅಧ್ಯಯನ ಮಾಡಿ ಬರೆದರು. ಹಳ್ಳಿಯ ಕನ್ನಡದ ಕಿವಿ ಇಂಗ್ಲಿಷ್ ಓದಿಗೆ ಅಡ್ಡಿ ಎನ್ನುವವರಿಗೆ ಈ ಇಬ್ಬರ ಹೆಸರು ಹೇಳಿದರೆ ಸಾಕು.

ಹದಿನಾಲ್ಕೋ ನಲವತ್ತೋ?

ಒತ್ತು ತಪ್ಪಿದರೆ ಅಷ್ಟೇನು ನಷ್ಟ ಎಂದು ಕೇಳಬಹುದು. ಭಾರತದವರ ನಡುವೆ ಮಾತಾಡುವಾಗ ಹೆಚ್ಚೇನೂ ಇಲ್ಲ. ನಾವೆಲ್ಲ ಒಂದೇ ಬಗೆಯಲ್ಲಿ ಕೇಳುತ್ತೇವೆ. ಸಂಖ್ಯೆಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು.

ಇಂಗ್ಲಿಷಿನಲ್ಲಿ 'ಫೋರ್ಟೀನ್' ಒತ್ತು ಕೊನೆಯ ಅಕ್ಷರಕ್ಕೆ, 'ಫಾರ್ಟಿ' ಒತ್ತು ಮೊದಲಿಗೆ. ಕೊನೆಯ 'ನ್' ಫೋನಿನ ಗದ್ದಲದಲ್ಲಿ ಮುಳುಗಿದರೆ ಉಳಿಯುವ ದೊಡ್ಡ ಸುಳಿವು ಈ ಒತ್ತು ಮತ್ತು ಅದರ ಜೊತೆಯ ಉದ್ದ. ಇನ್ನೊಂದು ತೊಡಕೂ ಇದೆ. 'ಫೋರ್ಟೀನ್ ಥೌಸಂಡ್' ಎಂದು ಸೇರಿಸಿ ಹೇಳುವಾಗ ಇಂಗ್ಲಿಷಿನವರೇ ಒತ್ತನ್ನು ಮೊದಲ ಅಕ್ಷರಕ್ಕೆ ಜರುಗಿಸುತ್ತಾರೆ. ಆಗ ಅವರಿಗೂ ಗೊಂದಲವಾಗುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಹೊರ ರಾಜ್ಯದ ಖರೀದಿದಾರರೊಂದಿಗೆ ಕ್ವಿಂಟಲ್ ಉಂಡೆ ಕೊಬ್ಬರಿಯ ದರ ಮಾತಾಡುವಾಗ 14 ಸಾವಿರಕ್ಕೂ 40 ಸಾವಿರಕ್ಕೂ ಇರುವ ಅಂತರ ಸಣ್ಣದಲ್ಲ. ಔಷಧಿಯ ಪ್ರಮಾಣದಲ್ಲಿ 15 ಮಿಲಿಗ್ರಾಂ ಮತ್ತು 50 ಮಿಲಿಗ್ರಾಂ ಅದಲುಬದಲಾದರೆ ಜೀವಕ್ಕೇ ಅಪಾಯ. ಅದಕ್ಕಾಗಿಯೇ ಔಷಧ ಸುರಕ್ಷತೆಯ ತಜ್ಞರು ಬಾಯಿಮಾತಿನಲ್ಲಿ ಪ್ರಮಾಣ ಹೇಳುವಾಗ "ಫಿಫ್ಟೀನ್, ಒನ್ ಫೈವ್" ಎಂದು ಅಂಕಿಗಳನ್ನು ಬಿಡಿಸಿ ಹೇಳಬೇಕೆನ್ನುತ್ತಾರೆ. ಕೊಬ್ಬರಿ ದರಕ್ಕೂ ಇದೇ ಉಪಾಯ ಸಾಕು: "ಒನ್ ಫೋರ್." ದುಡ್ಡಿನ ಮಾತನ್ನು ಸಂದೇಶದಲ್ಲಿ ಅಂಕಿಯಲ್ಲೇ ಬರೆದು ಖಚಿತ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಕಿವಿಯನ್ನು ಪಳಗಿಸಬಹುದೇ?

ಖಂಡಿತ ಪಳಗಿಸಬಹುದು. ಜಪಾನೀಯರಿಗೆ ಇಂಗ್ಲಿಷಿನ 'ರ' ಮತ್ತು 'ಲ' ಬೇರೆ ಬೇರೆಯಾಗಿ ಕೇಳಿಸುವುದು ಕಷ್ಟ. 1991ರಲ್ಲಿ ಅಮೆರಿಕದ ಸಂಶೋಧಕರು ಜಪಾನೀಯರಿಗೆ ಹಲವರ ದನಿಯಲ್ಲಿ, ಹಲವು ಪದಗಳಲ್ಲಿ ಈ ಶಬ್ದಗಳನ್ನು ಕೇಳಿಸಿ, ಪ್ರತಿ ಬಾರಿ ಸರಿ ತಪ್ಪು ತಿಳಿಸಿದಾಗ ಅವರ ಗುರುತಿಸುವಿಕೆ ಸುಧಾರಿಸಿತು. ಒತ್ತಿನ ಅಭ್ಯಾಸಕ್ಕೂ ಇದೇ ತತ್ವ ಬಳಸಬಹುದು.

- ಒಬ್ಬರೇ ಶಿಕ್ಷಕರ ಅಥವಾ ಒಂದೇ ಆ್ಯಪ್‌ನ ದನಿಗೆ ಅಂಟಿಕೊಳ್ಳಬೇಡಿ. ಗಂಡು, ಹೆಣ್ಣು, ಬೇರೆ ಬೇರೆ ದೇಶದವರ ದನಿಯಲ್ಲಿ ಅದೇ ಪದ ಕೇಳಿ.
- ಹೊಸ ಪದ ಕಲಿಯುವಾಗ ನಿಘಂಟಿನಲ್ಲಿ ಒತ್ತಿನ ಗುರುತು ನೋಡಿ. ಒತ್ತು ಬೀಳುವ ಅಕ್ಷರದ ಮುಂಚೆ ಮೇಲ್ಗಡೆ ಒಂದು ಸಣ್ಣ ಗೆರೆ ಇರುತ್ತದೆ.
- ಒತ್ತಿನ ಅಕ್ಷರವನ್ನು ಮಾತ್ರೆಯಂತೆ ಎಣಿಸಿ. ಅದಕ್ಕೆ ಗುರುವಿನ ಕಾಲ ಕೊಡಿ, ಉಳಿದವಕ್ಕೆ ಲಘುವಿನ ಕಾಲ. ನಮಗೆ ಈಗಾಗಲೇ ಇರುವ ಕೌಶಲ ಇದು.
- ಒತ್ತಿಲ್ಲದ ಸ್ವರವನ್ನು ಸವೆಯಲು ಬಿಡಿ. ಕೊಬ್ಬರಿಯನ್ನು 'ಕೊಬ್ರಿ' ಅನ್ನುವಾಗ ನಾವು ಮಾಡುವುದು ಹೆಚ್ಚು ಕಡಿಮೆ ಇದನ್ನೇ.
- 'ಷನ್' ಎಂದು ಮುಗಿಯುವ ಪದಗಳಲ್ಲಿ ಅದರ ಹಿಂದಿನ ಅಕ್ಷರಕ್ಕೆ ಒತ್ತು: ಎಜುಕೇಷನ್‌ನಲ್ಲಿ 'ಕೇ', ಇನ್ಫರ್ಮೇಷನ್‌ನಲ್ಲಿ 'ಮೇ'. ಎರಡಕ್ಷರದ ಪದ ನಾಮಪದವೂ ಕ್ರಿಯಾಪದವೂ ಆಗುವಾಗ ಹಲವು ಕಡೆ ನಾಮಪದಕ್ಕೆ ಮೊದಲಲ್ಲಿ, ಕ್ರಿಯಾಪದಕ್ಕೆ ಕೊನೆಯಲ್ಲಿ ಒತ್ತು. ಎಲ್ಲ ಪದಗಳಿಗೂ ಇದು ಅನ್ವಯಿಸುವುದಿಲ್ಲ.

ಮತ್ತೆ ಆ ಮೂರು ಮಾತುಗಳು

"ನಾಲಿಗೆ ದಪ್ಪ" ಎಂಬುದಕ್ಕೆ ಆಧಾರವಿಲ್ಲ. ಒತ್ತು ತಪ್ಪುವುದು ಮನೆಯ ಭಾಷೆ ರೂಪಿಸಿದ ಕೇಳುವ ಅಭ್ಯಾಸದಿಂದ. ಪ್ಯಾರಿಸ್ಸಿನಲ್ಲಿ ಹುಟ್ಟಿದವರಿಗೂ ಅದು ತಪ್ಪುತ್ತದೆ.

"ಮನೆಯಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷ್ ಕೆಡುತ್ತದೆ" ಎಂಬುದೂ ನಿಲ್ಲುವುದಿಲ್ಲ. ಎರಡು ಭಾಷೆಯಲ್ಲಿ ಬೆಳೆದವರಲ್ಲಿ ಒತ್ತನ್ನು ಪೂರ್ತಿ ಹಿಡಿದವರೂ ಇದ್ದರು. ಕನ್ನಡ ನಿಲ್ಲಿಸಿದರೆ ಆ ಜಾಗಕ್ಕೆ ಇಂಗ್ಲಿಷಿನ ಒತ್ತು ತಾನಾಗಿ ಬಂದು ಕೂರುವುದಿಲ್ಲ. ಕಿವಿಗೆ ಅದು ಬೀಳಬೇಕು.

ಮೂರನೆಯ ಮಾತಿಗೂ ಉತ್ತರ ಇದರಲ್ಲೇ ಇದೆ. ಪಾಠ ಮಾಡುವವರ ಇಂಗ್ಲಿಷಿನಲ್ಲೂ ಕನ್ನಡದ ಮಾತ್ರೆಯ ಲಯವೇ ಇದ್ದರೆ, ಮಾಧ್ಯಮ ಯಾವುದಾದರೂ ಮಗುವಿನ ಕಿವಿಗೆ ಬೀಳುವುದು ಅದೇ ಲಯ. ಶುಲ್ಕ ಕಟ್ಟಿದ ಮಾತ್ರಕ್ಕೆ ಅದು ಬದಲಾಗದು. ಕನ್ನಡ ಶಾಲೆಯಲ್ಲೇ ದಿನಕ್ಕೆ ಸ್ವಲ್ಪ ಹೊತ್ತು ಹಲವು ದನಿಗಳ ಇಂಗ್ಲಿಷ್ ಕೇಳಿಸಿ, ಒತ್ತು ಎಲ್ಲಿದೆ ಎಂದು ಚಪ್ಪಾಳೆ ತಟ್ಟಿ ತೋರಿಸುವ ಆಟ ಆಡಿಸಿದರೆ ಮಕ್ಕಳಿಗೆ ಹೆಚ್ಚು ಉಪಯೋಗ.

ಭಾರತದ ಇಂಗ್ಲಿಷಿಗೆ ತನ್ನದೇ ಲಯ ಇದೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಒತ್ತನ್ನು ಕಲಿಯುವುದು ಎದುರಿಗಿರುವವರಿಗೆ ನಮ್ಮ ಮಾತು, ನಮಗೆ ಅವರ ಮಾತು ಸರಿಯಾಗಿ ತಲುಪಲಿ ಎಂದು. ಮಗು 'ಹೋಟೆಲ್' ಎಂದು ಮೊದಲ ಅಕ್ಷರ ಒತ್ತಿ ಹೇಳಿದರೆ ನಗುವ ಬದಲು, "ಇಂಗ್ಲಿಷಿನವರು ಎಲ್ಲಿ ಒತ್ತುತ್ತಾರೆ, ಕೇಳೋಣ ಬಾ" ಎಂದು ಕೂರಿಸಿಕೊಂಡು ಕೇಳಿಸಿ. ಕತೆ ಕತ್ತೆಗಳನ್ನು ಕ್ಷಣಾರ್ಧದಲ್ಲಿ ಬೇರ್ಪಡಿಸುವ ಕಿವಿಗೆ ಇದು ಕಲಿಯಲಾಗದ ವಿದ್ಯೆಯಲ್ಲ.